ತಾಮ್ರದ ಹಂಡೆಯ ನೀರು, ಮುದುಡಿದ ಕಡಲಹೂವು

ಈ ತಿಂಗಳ ಟಪಾಲಿನಲ್ಲಿ ಉಪ್ಪುನೀರಿನ ಅಕ್ವೇರಿಯಂ ಬಗ್ಗೆಯೇ ಐದು ಪತ್ರಗಳಿವೆ. ಐದರಲ್ಲೂ ಮುಖ್ಯ ಪಾತ್ರ ಅನಿಮೋನ್. ಕನ್ನಡದಲ್ಲಿ ಕಡಲಹೂವು ಅನ್ನುತ್ತೇವೆ. ಅದು ಹೂವಲ್ಲ, ಪ್ರಾಣಿ. ಹವಳದ ಹತ್ತಿರದ ಬಳಗ, ಜೆಲ್ಲಿ ಮೀನಿನ ದೂರದ ನಂಟು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ, ಧಾರವಾಡದ ಸಪ್ತಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಹನ್ನೊಂದು ವರ್ಷದಿಂದ ಉಪ್ಪುನೀರಿನ ತೊಟ್ಟಿ ಇಟ್ಟುಕೊಂಡಿದ್ದೇನೆ. ಆ ಅನುಭವದಿಂದಲೇ ಉತ್ತರಿಸುತ್ತೇನೆ. ಗಿಳಿ ಮತ್ತು ಆಮೆಯ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಬೇಕು.

ಅಕ್ಕೋರೆ, ಮಗಳ ಹುಟ್ಟುಹಬ್ಬಕ್ಕೆ ಮೂರು ಅಡಿಯ ಉಪ್ಪುನೀರಿನ ಟ್ಯಾಂಕ್ ಮಾಡಿಸಿ ಏಳು ವಾರ ಆಯಿತು. ಎರಡು ಕ್ಲೌನ್ ಮೀನು ಚೆನ್ನಾಗಿವೆ. ಹದಿನೈದು ದಿನದ ಹಿಂದೆ ಬಬಲ್ ಟಿಪ್ ಅನಿಮೋನ್ ತಂದೆವು. ಎರಡು ದಿನ ಅರಳಿತ್ತು. ಈಗ ದಿನಾ ಜಾಗ ಬದಲಿಸುತ್ತದೆ. ಮುದುಡಿ ನಿಂಬೆಹಣ್ಣಿನಷ್ಟಾಗಿದೆ, ಬಣ್ಣ ಬಿಳಿಚಿದೆ, ಬಾಯಿ ತೆರೆದುಕೊಂಡೇ ಇರುತ್ತದೆ. ನೀರಿಗೆ ಏನೂ ಕೊರತೆ ಮಾಡಿಲ್ಲ. ಆರ್‌ಓ ನೀರನ್ನು ತಾಮ್ರದ ಹಂಡೆಯಲ್ಲಿ ತುಂಬಿಟ್ಟು, ಟ್ಯಾಂಕಿನಲ್ಲಿ ಇಳಿದಷ್ಟು ದಿನಾ ಹಾಕುತ್ತೇವೆ. ಜೋರು ಬೆಳಕಿನ ಲೈಟ್ ಹಾಕಿ ಅಂತ ಅಂಗಡಿಯವರು ಹೇಳುತ್ತಾರೆ. ಹಾಕಲೇ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಮೊದಲು ಆ ಹಂಡೆಯ ನೀರು ನಿಲ್ಲಿಸಿ. ಪತ್ರಿಕೆ ಕೆಳಗಿಟ್ಟು ಈಗಲೇ ನಿಲ್ಲಿಸಿ, ಉಳಿದದ್ದು ಆಮೇಲೆ ಓದಿದರಾಯಿತು.

ನಮ್ಮ ಕಡೆ ತಾಮ್ರದ ಹಂಡೆ, ತಾಮ್ರದ ತಂಬಿಗೆ ಅಂದರೆ ಮಡಿಯೂ ಹೌದು, ಆರೋಗ್ಯವೂ ಹೌದು. ನೀವು ಅಕ್ಕರೆಯಿಂದಲೇ ಹಾಗೆ ಮಾಡಿದ್ದೀರಿ ಅಂತ ನನಗೆ ಗೊತ್ತು. ಆದರೆ ಬೆನ್ನೆಲುಬಿಲ್ಲದ ಕಡಲಪ್ರಾಣಿಗಳಿಗೆ ತಾಮ್ರ ವಿಷ. ಅನಿಮೋನ್, ಸೀಗಡಿ, ಬಸವನಹುಳು ಯಾವುದಕ್ಕೂ ಅದು ಆಗಿಬರುವುದಿಲ್ಲ. ಆರ್‌ಓ ನೀರಿನಲ್ಲಿ ಲವಣ ಕಡಿಮೆ, ತುಸು ಹುಳಿಯ ಗುಣ ಇರುತ್ತದೆ. ಅದು ರಾತ್ರಿಯೆಲ್ಲ ಹಂಡೆಯಲ್ಲಿ ನಿಂತರೆ ಲೋಹ ಇನ್ನೂ ಬೇಗ ನೀರಿಗಿಳಿಯುತ್ತದೆ. ಟ್ಯಾಂಕಿನಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಅದರಲ್ಲಿದ್ದ ತಾಮ್ರ ಅಲ್ಲೇ ಉಳಿಯುತ್ತದೆ. ದಿನಕ್ಕೆ ಮೂರು ಲೀಟರ್ ಅಂತ ಹಿಡಿದರೂ ಏಳು ವಾರಕ್ಕೆ 147 ಲೀಟರ್ ಹಂಡೆಯ ನೀರಿನ ತಾಮ್ರ ನಿಮ್ಮ ಟ್ಯಾಂಕಿಗೆ ಸೇರಿದೆ. ಮೀನು ಇಷ್ಟನ್ನು ತಡೆದುಕೊಳ್ಳುತ್ತದೆ, ಅನಿಮೋನ್ ತಡೆದುಕೊಳ್ಳುವುದಿಲ್ಲ. ಒಂದೇ ನೀರಿನಲ್ಲಿ ಅವು ಆಡುತ್ತಿವೆ, ಇದು ಸೊರಗುತ್ತಿದೆ.

ತಾಮ್ರದ ವಿಷಯ ನಾನು ಕಲಿತದ್ದು ಕಳೆದುಕೊಂಡ ಮೇಲೆ. ತೊಟ್ಟಿ ಇಟ್ಟ ಎರಡನೇ ವರ್ಷ, ಮೀನಿನ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಕಾಣಿಸಿತು. ಅಂಗಡಿಯೊಂದರಲ್ಲಿ ಕೊಟ್ಟ ನೀಲಿ ಔಷಧಿಯನ್ನು ತಂದು ಹಾಕಿದೆ. ಅದರಲ್ಲಿ ತಾಮ್ರ ಇದೆ ಅಂತ ಸೀಸೆಯ ಮೇಲೆ ಬರೆದಿತ್ತು, ನಾನು ಓದಿರಲಿಲ್ಲ. ಅಂದು ಸಂಜೆ ಊಟದ ತಟ್ಟೆಯಗಲ ಹರಡಿಕೊಂಡಿದ್ದ ಕಾರ್ಪೆಟ್ ಅನಿಮೋನ್ ಅಂಚಿನಿಂದ ಒಳಕ್ಕೆ ಮಡಚಿಕೊಳ್ಳತೊಡಗಿತು. ಮರುದಿನ ಬಾಯಿಂದ ಕಂದು ಲೋಳೆ. ಮೂರನೇ ದಿನ ಬೆಳಗ್ಗೆ ಕಲ್ಲಿನ ಹಿಡಿತ ಬಿಟ್ಟು, ಒದ್ದೆ ಅರಿವೆಯ ಹಾಗೆ ಟ್ಯಾಂಕಿನ ತಳದಲ್ಲಿ ಉರುಳುತ್ತಿತ್ತು. ಕೈಗೆ ಎತ್ತಿಕೊಂಡರೆ ತೂಕವೇ ಇರಲಿಲ್ಲ, ಬೆರಳ ಸಂದಿಯಲ್ಲಿ ಕರಗಿ ಹೋಯಿತು. ಕಲ್ಲು, ಮರಳು ಎಲ್ಲ ತಾಮ್ರ ಹೀರಿಕೊಂಡಿದ್ದರಿಂದ ಅವನ್ನೂ ತೆಗೆದು ಹೊಸದು ಹಾಕಬೇಕಾಯಿತು. ಇಂದಿಗೂ ಆ ಬೆಳಗು ನೆನಪಾದರೆ ಕಸಿವಿಸಿಯಾಗುತ್ತದೆ. ನಿಮ್ಮ ಮಗಳಿಗೆ ಅದನ್ನು ನೋಡುವ ಪ್ರಸಂಗ ಬಾರದಿರಲಿ.

ಈಗ ಪ್ಲಾಸ್ಟಿಕ್ ಕ್ಯಾನಿನಲ್ಲಿ ಹಿಡಿದ ಆರ್‌ಓ ನೀರಿಗೆ ಅಕ್ವೇರಿಯಂ ಉಪ್ಪು ಕಲಸಿ, ಟ್ಯಾಂಕಿನಷ್ಟೇ ಉಪ್ಪು, ಅಷ್ಟೇ ಬಿಸಿ ಇದೆಯೆಂದು ಖಾತ್ರಿ ಮಾಡಿಕೊಂಡು, ಇಂದು ಕಾಲುಭಾಗ ನೀರು ಬದಲಿಸಿ. ಎರಡು ದಿನ ಬಿಟ್ಟು ಇನ್ನೊಂದು ಕಾಲುಭಾಗ. ಫಿಲ್ಟರಿನಲ್ಲಿ ಹೊಸ ಆಕ್ಟಿವೇಟೆಡ್ ಕಾರ್ಬನ್ ಇಡಿ, ತಾಮ್ರ ಹೀರುವ ರೆಸಿನ್ ಸಿಕ್ಕರೆ ಅದೂ ಇರಲಿ. ತಾಮ್ರದ ಟೆಸ್ಟ್ ಕಿಟ್ ತರಿಸಿ ನೋಡಿ. ಅಮೋನಿಯಾ, ನೈಟ್ರೈಟ್ ಕೂಡ ಪರೀಕ್ಷಿಸಿ, ಎರಡೂ ಸೊನ್ನೆ ಇರಬೇಕು. ನೀರು ತಿರುಗಿಸುವ ಪಂಪಿನ ಬಾಯಿಗೆ ಇವತ್ತೇ ಸ್ಪಂಜೋ ಪ್ಲಾಸ್ಟಿಕ್ ಜಾಳಿಗೆಯೋ ಕಟ್ಟಿ. ಜಾಗ ಹುಡುಕಿ ಅಲೆಯುವ ಅನಿಮೋನ್ ರಾತ್ರಿ ಆ ಪಂಪಿಗೆ ಸಿಕ್ಕಿ ಚೂರಾಗುವುದು ಹೊಸ ಟ್ಯಾಂಕುಗಳಲ್ಲಿ ನಡೆಯುತ್ತಲೇ ಇರುತ್ತದೆ. ಕ್ಲೌನ್ ಮೀನು ಅದರ ಮೈಗೆ ಉಜ್ಜಿ ಉಜ್ಜಿ ಕಾಡುತ್ತಿದ್ದರೆ ಕೆಲವು ದಿನ ನಡುವೆ ಜಾಳಿಗೆಯ ತಡಿಕೆ ಇಡಿ.

ಜೋರು ಬೆಳಕು ಮಾತ್ರ ಬೇಡ. ಅನಿಮೋನಿನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಿಂದ ಆಹಾರ ತಯಾರಿಸಿ ಮನೆಯೊಡತಿಗೂ ಕೊಡುತ್ತವೆ. ಅದರ ಕಂದು ಬಣ್ಣ ಬರುವುದೂ ಆ ಪಾಚಿಯಿಂದಲೇ. ಕಷ್ಟ ಬಂದಾಗ ಅನಿಮೋನ್ ಪಾಚಿಯನ್ನು ಹೊರಹಾಕುತ್ತದೆ, ಬಿಳಿಚುತ್ತದೆ. ಪಾಚಿ ಕಳೆದುಕೊಂಡ ಮೈಗೆ ಥಟ್ಟನೆ ಜೋರು ಬೆಳಕು ಬಿದ್ದರೆ ಸುಟ್ಟ ಗಾಯಕ್ಕೆ ಬಿಸಿಲು ಬಿದ್ದಂತೆ. ಈಗಿರುವ ಲೈಟನ್ನು ಅರ್ಧಕ್ಕಿಂತ ಕಡಿಮೆಗೆ ಇಳಿಸಿ, ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಿ. ಬಾಯಿ ತೆರೆದಿರುವಾಗ ತಿನ್ನಿಸಲು ಹೋಗಬೇಡಿ. ಬಾಯಿ ಮುಚ್ಚಿ, ಅದರ ಸುತ್ತಲಿನ ಬೆರಳಿನಂಥ ಟೆಂಟಕಲ್‌ಗಳು ಮತ್ತೆ ಅಂಟತೊಡಗಿದ ಮೇಲೆ ಕಡಲೆಕಾಳಿನಷ್ಟು ಸೀಗಡಿ ಚೂರು ಕೊಟ್ಟು ನೋಡಿ. ಕೈಯಿಂದ ಎಬ್ಬಿಸಿ ಬೇಕಾದ ಕಡೆ ಕೂರಿಸಬೇಡಿ. ಕಲ್ಲಿಗೆ ಅಂಟಿಕೊಳ್ಳುವ ಪಾದ ಹರಿದರೆ ಸೋಂಕು ಹಿಡಿದು ಉಳಿಯುವುದು ಕಷ್ಟ.

ಒಂದು ಮಾತು ಭಯಪಡಬೇಡಿ ಅಂತ ಹೇಳಲಿಕ್ಕೆ. ಅನಿಮೋನ್ ಆಗಾಗ ಮುದುಡುವುದು ಸಹಜ. ರಾತ್ರಿ ಚಿಕ್ಕದಾಗುತ್ತದೆ, ಹೊಟ್ಟೆಯ ಹೊಲಸನ್ನು ಕಂದು ದಾರದಂತೆ ಬಾಯಿಂದಲೇ ಹೊರಹಾಕಿ ಮತ್ತೆ ಅರಳುತ್ತದೆ. ಅದಕ್ಕೆ ಬಾಯಿ ಬೇರೆ, ಗುದ ಬೇರೆ ಇಲ್ಲ. ಆದರೆ ದಿನಗಟ್ಟಲೆ ಬಾಯಿ ಬಿಟ್ಟು, ಮೈ ಕರಗಿ ಎಳೆಎಳೆಯಾಗಿ ಬಂದು, ಕೊಳೆತ ವಾಸನೆ ಹೊಡೆದರೆ ಅದು ಸತ್ತಿದೆ. ಕೂಡಲೇ ತೆಗೆಯಿರಿ. ತಡಮಾಡಿದರೆ ಅಮೋನಿಯಾ ಏರಿ ಮೀನುಗಳೂ ಹೋಗುತ್ತವೆ.

ಇಷ್ಟಾದರೂ ತಾಮ್ರ ಒಂದನ್ನೇ ದೂರಿ ನಾನು ಸುಮ್ಮನಾಗುವಂತಿಲ್ಲ. ಐದೇ ವಾರದ ಟ್ಯಾಂಕಿಗೆ ಅನಿಮೋನ್ ತರಲೇಬಾರದಿತ್ತು. ಹೆಪ್ಪು ಹಾಕಿದ ಹಾಲನ್ನು ಅಲುಗಿಸಿದರೆ ಮೊಸರಾಗುವುದಿಲ್ಲ, ಅಲ್ಲವೇ? ಹೊಸ ಟ್ಯಾಂಕಿನಲ್ಲೂ ಅಂಥದೇ ಒಂದು ಹೆಪ್ಪು ಕೂಡಬೇಕು. ಮೀನಿನ ಮಲದಿಂದ ಬರುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಇಷ್ಟು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಂಗಡಿಯವರು ಟ್ಯಾಂಕ್ ರೆಡಿ ಅನ್ನುವುದು ಇದನ್ನೇ. ಮೀನಿಗೆ ಅದು ಸಾಕು. ಅನಿಮೋನ್‌ಗೆ ಸಾಲದು. ಕಂದು ಪಾಚಿ ಬಂದು ಹೋಗಬೇಕು, ಹಸಿರು ಪಾಚಿ ಬಂದು ಹೋಗಬೇಕು, ಉಪ್ಪು, ಕ್ಷಾರ, ಬಿಸಿ ಇವು ವಾರಗಟ್ಟಲೆ ಒಂದೇ ಸಮ ನಿಲ್ಲಬೇಕು. ಕಲ್ಲಿನ ಮೇಲೆ ನೇರಳೆ ಬಣ್ಣದ ಗಟ್ಟಿ ಪಾಚಿಯ ತೇಪೆಗಳು ಮೂಡಿದರೆ ಟ್ಯಾಂಕ್ ಮಾಗುತ್ತಿದೆ ಅಂತ ಅರ್ಥ. ಕಡಿಮೆಯೆಂದರೆ ಆರು ತಿಂಗಳು, ನನ್ನ ಮನಸ್ಸಿನಲ್ಲಿ ಒಂದು ವರ್ಷ. ನಿಮ್ಮ ಪರಿಚಯದವರಲ್ಲಿ ಹಳೆಯ, ನೆಲೆನಿಂತ ಟ್ಯಾಂಕ್ ಇರುವವರಿದ್ದರೆ ಇದನ್ನು ಅವರಿಗೆ ಒಪ್ಪಿಸುವುದೇ ಒಳ್ಳೆಯದು.

ಮೀನಿಗೆ ಮನೆ ಇಲ್ಲವಾಯಿತಲ್ಲ ಅಂತ ಮಗಳು ಅತ್ತರೆ ಹೇಳಿ: ಕ್ಲೌನ್ ಮೀನು ಅನಿಮೋನ್ ಇಲ್ಲದೆಯೂ ಟ್ಯಾಂಕಿನಲ್ಲಿ ಸುಖವಾಗಿರುತ್ತದೆ. ಕಡಲಲ್ಲಿ ಅದಕ್ಕೆ ಅನಿಮೋನ್ ಬೇಕಾಗುವುದು ತನ್ನನ್ನು ತಿನ್ನುವವರಿಂದ ಪಾರಾಗಲು. ನಿಮ್ಮ ಪಡಸಾಲೆಯಲ್ಲಿ ಅದನ್ನು ತಿನ್ನುವವರು ಯಾರೂ ಇಲ್ಲ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಆಸೆಲಾರಿಸ್ ಜಾತಿಯ ಕ್ಲೌನ್ ಮೀನು ಕಡಲಿನಲ್ಲಿ ಬಬಲ್ ಟಿಪ್‌ನೊಳಗೆ ವಾಸಿಸುವುದೇ ಇಲ್ಲ. ಅದರ ನೆಂಟಸ್ತಿಕೆ ಬೇರೆ ಮೂರು ಅನಿಮೋನ್ ಜಾತಿಗಳ ಜೊತೆ.

ಮೇಡಂ, ನಮ್ಮದು ಗದಗ. ಬೋರಿನ ನೀರು ಸವಳು. ಹೇಗೂ ಉಪ್ಪುನೀರೇ ಬೇಕಲ್ಲ, ಅದಕ್ಕೇ ಅಡುಗೆ ಉಪ್ಪು ಬೆರೆಸಿದರೆ ಆಗುವುದಿಲ್ಲವೇ? ಅಕ್ವೇರಿಯಂ ಉಪ್ಪು ಬಹಳ ತುಟ್ಟಿ. ಬೇಸಿಗೆಯಲ್ಲಿ ನೀರು ಬೇಗ ಇಳಿಯುತ್ತದೆ, ಎಷ್ಟು ಉಪ್ಪುನೀರು ಸೇರಿಸಬೇಕು?
— ಓದುಗರು, ಬೆಟಗೇರಿ

ಆಗುವುದಿಲ್ಲ. ಸಮುದ್ರದ ಲವಣದಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸೇರಿ ನೂರಕ್ಕೆ ಸುಮಾರು 85 ಭಾಗ. ಉಳಿದ 15 ಭಾಗದಲ್ಲಿ ಸಲ್ಫೇಟ್, ಮೆಗ್ನೀಶಿಯಂ, ಕ್ಯಾಲ್ಸಿಯಂ, ಪೊಟ್ಯಾಶಿಯಂ ಇವೆ. ಅನಿಮೋನಿನ ಜೀವ ಆ 15ರಲ್ಲೂ ಇದೆ. ಅಡುಗೆ ಉಪ್ಪಿನಿಂದ ಅದು ಸಿಗುವುದಿಲ್ಲ. ಸವಳು ನೀರಿನ ಲವಣವೂ ಕಡಲಿನ ಲವಣವೂ ಒಂದಲ್ಲ. ಮನೆಯ ಆರ್‌ಓ ಯಂತ್ರದಲ್ಲಿ ರುಚಿಗೆಂದು ಸ್ವಲ್ಪ ಮೂಲ ನೀರನ್ನೇ ಬೆರೆಸುವ ತಿರುಪು ಇರುವುದುಂಟು, ಅದನ್ನು ಮುಚ್ಚಿಸಿ, ಕೊನೆಗೊಂದು, ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ಕಾರ್ಟ್ರಿಜ್ ಹಾಕಿಸಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆಯ ಹತ್ತಿರ ಬರಲಿ. ಆ ನೀರಿಗೆ ಲೀಟರಿಗೆ 35ರಿಂದ 38 ಗ್ರಾಂ ಅಕ್ವೇರಿಯಂ ಉಪ್ಪು. ನೀರಿನ ಉಪ್ಪು ಅಳೆಯಲು ರಿಫ್ರಾಕ್ಟೋಮೀಟರ್ ಎಂಬ ಉಪಕರಣ ಕೊಳ್ಳಿ, ಸಾಪೇಕ್ಷ ಸಾಂದ್ರತೆ 1.025 ತೋರಿಸಬೇಕು. ತುಟ್ಟಿ ಅನ್ನುವುದು ನಿಜ. ಆ ಖರ್ಚು ಈ ವರ್ಷ ಆಗದಿದ್ದರೆ ಅನಿಮೋನ್ ಮುಂದಿನ ವರ್ಷಕ್ಕಿರಲಿ.

ಇಳಿದ ನೀರಿಗೆ ಉಪ್ಪುನೀರು ಸೇರಿಸುವುದು ಎಲ್ಲರೂ ಮಾಡುವ ತಪ್ಪು. ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ಸಿಹಿನೀರನ್ನೇ ಹಾಕಬೇಕು. ನಿಮ್ಮಲ್ಲಿ ಗಾಳಿ ಜೋರು, ಹವೆ ಒಣ, ಚೈತ್ರದಲ್ಲಂತೂ ಫ್ಯಾನ್ ಬೇರೆ. ಲೆಕ್ಕ ನೋಡಿ: ಟ್ಯಾಂಕಿನಲ್ಲಿ 160 ಲೀಟರ್ ನೀರು, ಸಾವಿರಕ್ಕೆ 35 ಪಾಲು ಉಪ್ಪು. ದಿನಕ್ಕೆ ನಾಲ್ಕು ಲೀಟರಿನಂತೆ ಐದು ದಿನ ಆವಿಯಾಗಿ 140 ಲೀಟರ್ ಉಳಿದರೆ ಉಪ್ಪು 40 ಪಾಲಿಗೆ ಏರುತ್ತದೆ. ಐದನೇ ದಿನ ನೆನಪಾಗಿ ಒಮ್ಮೆಲೇ 20 ಲೀಟರ್ ಸುರಿದರೆ ಥಟ್ಟನೆ 35ಕ್ಕೆ ಇಳಿಯುತ್ತದೆ. ಅನಿಮೋನಿನ ಮೈತುಂಬ ಇರುವುದು ಸುತ್ತಲಿನ ನೀರೇ, ಈ ಏರಿಳಿತ ಅದರ ಪ್ರತಿ ಕಣಕ್ಕೂ ತಟ್ಟುತ್ತದೆ. ಗಾಜಿನ ಹೊರಗೆ ಮಾರ್ಕರಿನಿಂದ ಒಂದು ಗೆರೆ ಎಳೆದು, ಬೆಳಗ್ಗೆ ಸಂಜೆ ಆ ಗೆರೆಯವರೆಗೆ ತುಂಬಿಸಿ. ನಮ್ಮ ಓಣಿಗೆ ನಲ್ಲಿ ನೀರು ದಿನವೂ ಬರುವುದಿಲ್ಲವಾದ್ದರಿಂದ ನಾನು ಇಪ್ಪತ್ತು ಲೀಟರಿನ ಎರಡು ಕ್ಯಾನ್ ಯಾವಾಗಲೂ ತುಂಬಿಟ್ಟಿರುತ್ತೇನೆ. ಅವುಗಳನ್ನು ಬೇರೆ ಕೆಲಸಕ್ಕೆ ಮುಟ್ಟುವಂತಿಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ.

ಬಿಸಿಯ ಬಗ್ಗೆಯೂ ಹೇಳಿಬಿಡುತ್ತೇನೆ. ನೀರು 24ರಿಂದ 27 ಡಿಗ್ರಿ ಇರಲಿ. ಏಪ್ರಿಲ್ ಮಧ್ಯಾಹ್ನ ನೀರಿನ ಮೇಲೆ ಹಾಯುವಂತೆ ಸಣ್ಣ ಫ್ಯಾನ್ ಇಟ್ಟರೆ ಎರಡು ಡಿಗ್ರಿಯಾದರೂ ಇಳಿಯುತ್ತದೆ, ಆದರೆ ಆವಿ ಹೆಚ್ಚಾಗುತ್ತದೆ, ಗೆರೆಯ ಮೇಲೆ ಕಣ್ಣಿರಲಿ. ಡಿಸೆಂಬರಿನ ರಾತ್ರಿಗೆ ಹೀಟರ್ ಬೇಕೇ ಬೇಕು.

ನಮ್ಮ ಮನೆಯಲ್ಲಿ ಮಾಂಸಾಹಾರ ಒಳಗೆ ತರುವಂತಿಲ್ಲ. ಅತ್ತೆಯವರು ಟ್ಯಾಂಕಿಗೆ ಒಪ್ಪಿದ್ದಾರೆ, ಸೀಗಡಿಗೆ ಒಪ್ಪುವುದಿಲ್ಲ. ಅನಿಮೋನ್‌ಗೆ ಅನ್ನ, ಹೆಸರುಬೇಳೆ ಏನಾದರೂ ನಡೆಯುತ್ತದೆಯೇ?
— ಓದುಗರು, ಮಾಳಮಡ್ಡಿ, ಧಾರವಾಡ

ನಡೆಯುವುದಿಲ್ಲ ತಂಗಿ. ಅದು ಬೇಟೆಯಾಡುವ ಪ್ರಾಣಿ. ಟೆಂಟಕಲ್‌ನ ಮೇಲಿರುವ ಸಾವಿರಾರು ಕುಟುಕುಕೋಶಗಳಲ್ಲಿ ಸುರುಳಿ ಸುತ್ತಿದ ದಾರ ಇರುತ್ತದೆ, ಏನಾದರೂ ತಾಗಿದರೆ ಕಣ್ಣು ಮಿಟುಕಿಸುವುದರೊಳಗೆ ಅದು ಚಿಮ್ಮಿ ಚುಚ್ಚುತ್ತದೆ. ಅನ್ನ ಹಾಕಿದರೆ ಉಗುಳುತ್ತದೆ, ನೀರು ಕೆಡುತ್ತದೆ.

ಆದರೆ ನಿಮಗೆ ದಾರಿ ಇದೆ. ಬೆಳಕು ಚೆನ್ನಾಗಿದ್ದರೆ ಒಳಗಿನ ಪಾಚಿಯೇ ಅದರ ಹೊಟ್ಟೆಪಾಡಿನ ದೊಡ್ಡ ಪಾಲನ್ನು ನೋಡಿಕೊಳ್ಳುತ್ತದೆ. ಉಳಿದದ್ದಕ್ಕೆ ವಾರಕ್ಕೊಮ್ಮೆಯೋ ಎರಡು ಬಾರಿಯೋ, ಕಡಲಮೀನಿನ ಒಣ ಪೆಲೆಟ್ ಒಂದೆರಡನ್ನು ಟ್ಯಾಂಕಿನ ನೀರಲ್ಲೇ ನೆನೆಸಿ, ಉದ್ದನೆ ಚಿಮುಟದಿಂದ ಟೆಂಟಕಲ್‌ಗೆ ತಾಗಿಸಿ. ಅದರಲ್ಲಿ ಮೀನಿನ ಪುಡಿ ಇರುತ್ತದೆ, ಮುಚ್ಚಿಡುವುದು ಬೇಡ, ಅತ್ತೆಯವರಿಗೆ ಹೇಳಿಯೇ ತನ್ನಿ. ಡಬ್ಬಿ ಅಡುಗೆಮನೆಗೆ ಬರಬೇಕಿಲ್ಲ, ಟ್ಯಾಂಕಿನ ಕೆಳಗಿನ ಕಪಾಟಿನಲ್ಲೇ ಇರಲಿ. ನಮ್ಮ ಅವ್ವನೂ ಮೊದಲು ಒಪ್ಪಿರಲಿಲ್ಲ. ಒಂದು ಸಂಜೆ ಪಕ್ಕದಲ್ಲಿ ಕೂಡಿಸಿಕೊಂಡು ತೋರಿಸಿದೆ. ಟೆಂಟಕಲ್‌ಗಳು ಒಂದೊಂದಾಗಿ ಬಾಗಿ, ಪೆಲೆಟನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ ನಡುವಿನ ಬಾಯಿಗೆ ತಲುಪಿಸಿದವು. ಅವ್ವ ಬಹಳ ಹೊತ್ತು ನೋಡಿ, "ಅದರ ಊಟ ಅದು ಉಣ್ಣಲಿ ಬಿಡು, ನಮ್ಮ ಊಟ ನಾವು ಉಣ್ಣೂಣು" ಅಂದಳು.

ಇನ್ನೊಂದು. ಟ್ಯಾಂಕ್ ಇರುವ ಕೋಣೆಯಲ್ಲಿ ಜಿರಳೆ, ಸೊಳ್ಳೆಗಳ ಸ್ಪ್ರೇ ಹೊಡೆಯಬೇಡಿ. ಏರ್ ಪಂಪು ಅದನ್ನು ಎಳೆದು ನೇರ ನೀರಿಗೆ ಬಿಡುತ್ತದೆ. ಫಿನಾಯಿಲ್, ಸಾಬೂನು, ಕೈಗೆ ಹಚ್ಚಿದ ಎಣ್ಣೆ ಇವೂ ದೂರ ಇರಲಿ.

ಮಳೆಗಾಲದಲ್ಲಿ ಕರೆಂಟ್ ನಾಲ್ಕೈದು ತಾಸು ಹೋಗುತ್ತದೆ. ಅನಿಮೋನ್ ಉಳಿಯುತ್ತದೆಯೇ?
— ಓದುಗರು, ನವನಗರ, ಹುಬ್ಬಳ್ಳಿ

ಲೈಟ್ ಇಲ್ಲದಿದ್ದರೆ ಒಂದೆರಡು ದಿನವೂ ಚಿಂತೆಯಿಲ್ಲ. ನೀರು ಅಲುಗದಿದ್ದರೆ ಆಮ್ಲಜನಕ ಕಡಿಮೆಯಾಗುತ್ತದೆ, ಅದೇ ಅಪಾಯ. ಬ್ಯಾಟರಿಯ ಏರ್ ಪಂಪು ಒಂದು ಸದಾ ತಯಾರಿರಲಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ನೀರು ತಿರುಗಿಸುವ ಪಂಪನ್ನು ಮಾತ್ರ ಅದಕ್ಕೆ ಜೋಡಿಸಿ, ಹೀಟರ್ ಬೇಡ. ಆ ಹೊತ್ತಿನಲ್ಲಿ ಯಾವುದಕ್ಕೂ ಆಹಾರ ಹಾಕಬೇಡಿ.

ನಾನು ಒಂಬತ್ತನೇ ಇಯತ್ತೆ. ನಮ್ಮ ಶಾಲೆಯವರು ಕಾರವಾರಕ್ಕೆ ಟ್ರಿಪ್ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಕಲ್ಲಿನ ಮೇಲೆ ಅನಿಮೋನ್ ಇರುತ್ತವಂತೆ. ಬಾಟಲಿಯಲ್ಲಿ ಒಂದು ತಂದು ಸಾಕಬಹುದಾ? ಅದು ಎಷ್ಟು ವರ್ಷ ಬದುಕುತ್ತದೆ?
— ವಿದ್ಯಾರ್ಥಿ, ಹಾವೇರಿ

ತಮ್ಮಾ, ತರಬೇಡ. ಯಾಕೆ ಅಂತ ಹೇಳುತ್ತೇನೆ, ಕೇಳು.

ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಎಷ್ಟೋ ಸಲ ಕಾರವಾರಕ್ಕೆ ಹೋಗಿದ್ದೇನೆ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದೂ ಕಾರವಾರದಲ್ಲೇ, ಕೋಡಿಬಾಗದಲ್ಲಿ. ನೀರು ಇಳಿದಾಗ ಕಲ್ಲುಗಳ ನಡುವೆ ಸಣ್ಣ ಸಣ್ಣ ಗುಂಡಿಗಳು ಉಳಿಯುತ್ತವೆ. ನೀರಿನ ಹೊರಗೆ ಉಳಿದ ಅನಿಮೋನ್ ಜೆಲ್ಲಿಯ ಉಂಡೆಯ ಹಾಗೆ ಮುದ್ದೆಯಾಗಿ ಕೂತಿರುತ್ತದೆ, ಮೈಗೆ ಮರಳು, ಚಿಪ್ಪಿನ ಚೂರು ಅಂಟಿರುತ್ತದೆ. ಗೊತ್ತಿಲ್ಲದವರು ತುಳಿದೇ ಹೋಗುತ್ತಾರೆ. ಗುಂಡಿಯ ನೀರಿನಲ್ಲಿರುವುದು ಮಾತ್ರ ಅರಳಿರುತ್ತದೆ. ನಿನ್ನ ನೆರಳು ಅದರ ಮೇಲೆ ಬೀಳದ ಹಾಗೆ ಕುಕ್ಕರಗಾಲಲ್ಲಿ ಕೂತು ನೋಡು. ಸೀಗಡಿ ಮರಿಯೊಂದು ಹತ್ತಿರ ಸುಳಿದರೆ ಟೆಂಟಕಲ್ ಹೇಗೆ ಹಿಡಿಯುತ್ತದೆ ಅಂತ ಕಾಣಬಹುದು. ಮುಟ್ಟಬೇಡ. ಕೆಲವು ಜಾತಿಗಳ ಕುಟುಕಿಗೆ ಚರ್ಮ ಉರಿಯುತ್ತದೆ, ಕಣ್ಣಿಗೆ ಕೈ ತಾಗಿದರೆ ಇನ್ನೂ ಕಷ್ಟ.

ಬಾಟಲಿಯ ನೀರು ಹಾವೇರಿ ಮುಟ್ಟುವುದರೊಳಗೆ ಕಾಯುತ್ತದೆ, ಆಮ್ಲಜನಕ ತೀರುತ್ತದೆ. ಕಲ್ಲಿನಿಂದ ಕೀಳುವಾಗ ಪಾದ ಹರಿಯುತ್ತದೆ. ಮನೆಗೆ ಬಂದರೂ ಅದಕ್ಕೆ ಬೇಕಾದ ಮಾಗಿದ ಟ್ಯಾಂಕ್ ನಿನ್ನ ಬಳಿ ಇಲ್ಲ. ಹವಳದ ತುಂಡು, ಕಡಲಕುದುರೆ, ಕಡಲಸೌತೆ ಇವನ್ನಂತೂ ಎತ್ತಲೇಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇವಕ್ಕೆ ರಕ್ಷಣೆ ಕೊಟ್ಟಿದೆ, ಹಿಡಿಯುವುದು ಅಪರಾಧ.

ಎಷ್ಟು ವರ್ಷ ಬದುಕುತ್ತದೆ ಅಂತ ಕೇಳಿದೆ, ನಿನ್ನ ಪ್ರಶ್ನೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಸ್ಕಾಟ್ಲೆಂಡಿನಲ್ಲಿ ಜಾನ್ ಗ್ರಹಾಂ ಡಾಲಿಯೆಲ್ ಎಂಬ ನಿಸರ್ಗ ವಿಜ್ಞಾನಿ 1828ರಲ್ಲಿ ಕಡಲತೀರದ ಕಲ್ಲಿನಿಂದ ಒಂದು ಕೆಂಪು ಅನಿಮೋನ್ ತಂದು ಗಾಜಿನ ಜಾಡಿಯಲ್ಲಿ ಇಟ್ಟ. ಆಗ ಪಂಪಿಲ್ಲ, ಫಿಲ್ಟರ್ ಇಲ್ಲ, ವಿದ್ಯುತ್ತೇ ಇಲ್ಲ. ತಪ್ಪದೆ ಕಡಲ ನೀರು ತಂದು ಬದಲಿಸುವುದು, ಸ್ವಲ್ಪ ಸ್ವಲ್ಪ ತಿನ್ನಲು ಕೊಡುವುದು, ಇಷ್ಟೇ. ತಣ್ಣೀರಿನ ಕಡಲಿನ ಗಟ್ಟಿ ಜಾತಿ ಅದು, ಒಳಗಿನ ಪಾಚಿಯನ್ನು ನಂಬಿ ಬದುಕುವಂಥದ್ದಲ್ಲ. ಡಾಲಿಯೆಲ್ 1851ರಲ್ಲಿ ತೀರಿಕೊಂಡ. ಅನಿಮೋನ್ ಬದುಕಿಯೇ ಇತ್ತು. ಅವನ ನಂತರ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು, ನೂರಾರು ಮರಿ ಹಾಕಿತು, ಜನ ಅದಕ್ಕೆ ಅಜ್ಜಿ ಅಂತ ಹೆಸರಿಟ್ಟರು. ತೀರಿಕೊಂಡದ್ದು 1887ರಲ್ಲಿ. ಜಾಡಿಯಲ್ಲೇ 59 ವರ್ಷ ಕಳೆದಿತ್ತು, ಸಿಕ್ಕಾಗಲೇ ಅದು ಬೆಳೆದ ಅನಿಮೋನ್ ಆಗಿತ್ತು.

ಕ್ಯಾಲೆಂಡರ್ ನೋಡಿ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿಗೆ ಟ್ರಿಪ್ ಇಟ್ಟುಕೊಳ್ಳಲು ನಿಮ್ಮ ಗುರುಗಳಿಗೆ ಹೇಳು. ಆಗ ಇಳಿತ ಹೆಚ್ಚು, ಕೆಳಗಿನ ಕಲ್ಲುಗಳೂ ಕಾಣುತ್ತವೆ. ಮಳೆಗಾಲ ಬೇಡ, ಅಲೆ ಜೋರು. ಡಿಸೆಂಬರ್, ಜನವರಿ ಒಳ್ಳೆಯದು. ಜಾರದ ಚಪ್ಪಲಿ ಹಾಕಿಕೊ. ಒಂದೇ ಗುಂಡಿಯ ಮುಂದೆ ಅರ್ಧ ತಾಸು ಕೂತು, ನೋಡಿದ್ದನ್ನು ವಹಿಯಲ್ಲಿ ಚಿತ್ರ ಬರೆದು ನನಗೆ ಕಳಿಸು. ಟೆಂಟಕಲ್‌ಗಳನ್ನು ಎಣಿಸಲು ಪ್ರಯತ್ನಿಸು.